ಕುಂಞಿ ಪಿಂಡಿಯ ಭಾನುವಾರ

"ಮೂತಮ್ಮ, ಇಪ್ಪತ್ತೈದು ಜನಕ್ಕೆ ಮನೆಯಲ್ಲೇ, ಹೆಚ್ಚು ಖರ್ಚಿಲ್ಲದೆ ಎಂತ ಮಾಡ್ಬಹುದು?"

ಕೇಳಿದವಳು ನನ್ನ ತಂಗಿಯ ಮಗಳು ರಿಜ್ವಾನ. ತಾಯಿಯ ಅಕ್ಕನಿಗೆ ನಮ್ಮ ಬ್ಯಾರಿಗಳಲ್ಲಿ ಮೂತಮ್ಮ ಎನ್ನುತ್ತಾರೆ. ಅವಳು ಹೆರಿಗೆಗೆ ತಾಯಿಮನೆಗೆ ಬಂದಿದ್ದಾಳೆ. ತಾಯಿಮನೆ ಎಂದರೆ ಅಜ್ಜಾವರದಲ್ಲಿ ನಮ್ಮದೇ ಅಂಗಳದ ಆಚೆಯ ಮನೆ. ಬಾಪ ಬಿಟ್ಟುಹೋದ ಜಾಗದಲ್ಲಿ ನಾನೂ ನನ್ನ ತಂಗಿ ಮೈಮೂನಳೂ ಒಂದೊಂದು ಸಣ್ಣ ಮನೆ ಕಟ್ಟಿಕೊಂಡು, ನಡುವೆ ಒಂದೇ ಬಾವಿ, ಒಂದೇ ಒಗೆಯುವ ಕಲ್ಲು ಇಟ್ಟುಕೊಂಡಿದ್ದೇವೆ. ನನ್ನ ಅಡುಗೆಮನೆಯ ಕಿಟಕಿಯಿಂದ ಅವಳ ಅಡುಗೆಮನೆಯ ಒಗ್ಗರಣೆ ಯಾವುದೆಂದು ಹೇಳಬಲ್ಲೆ. ಅಲ್‌ಹಂದುಲಿಲ್ಲಾಹ್, ಅಷ್ಟು ಹತ್ತಿರ.

ರಿಜ್ವಾನಳ ಬಾಣಂತನದ ನಲ್ವತ್ತನೆಯ ದಿನಕ್ಕೆ ಹತ್ತಿರದವರನ್ನು ಕರೆಯಬೇಕು ಎಂದು ಮಾತು. ಹಾಲ್ ಬೇಡ, ಅಡುಗೆಯವರು ಬೇಡ ಎಂದು ಅವಳೇ ಹೇಳಿದ್ದು. ಹುಡುಗಿ ಬುದ್ಧಿವಂತೆ. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಮೊಬೈಲಿನಲ್ಲಿ ಯಾರ್ಯಾರೋ ಬಣ್ಣಬಣ್ಣದ ತಟ್ಟೆ ಜೋಡಿಸುವುದನ್ನು ನೋಡುತ್ತಾ ಕೇಳಿದಳು. ನಾನು ಯೋಚನೆಯೇ ಮಾಡದೆ ಹೇಳಿಬಿಟ್ಟೆ.

"ಕುಂಞಿ ಪಿಂಡಿ ಮಾಡುವ. ಒಂದೂವರೆ ಕಿಲೋ ಕೋಳಿ ಸಾಕು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಈ ಅಂಗಳದಲ್ಲಿ ಕುಂಞಿ ಪಿಂಡಿ ಮಾಡದೆ ಎರಡು ವರ್ಷ ಆಗಿತ್ತು. ರಿಜ್ವಾನ ಮೊಬೈಲಿನಿಂದ ತಲೆಯೆತ್ತಿ ನನ್ನನ್ನು ನೋಡಿದಳು, ಮತ್ತೆ ಮಗುವಿನ ಟೊಪ್ಪಿ ಸರಿಮಾಡಿದಳು.

ಪಾತ್ರೆಯನ್ನಾದರೂ ನೋಡೋಣ ಎಂದು ಸ್ಟೂಲು ಹತ್ತಿದೆ. ಅಟ್ಟದಲ್ಲಿದ್ದ ದೊಡ್ಡ ಉಗಿಪಾತ್ರೆಯನ್ನು ಇಳಿಸುವಾಗ ಅದರೊಳಗಿಂದ ಮಡಚಿದ ಒಂದು ಹಾಳೆ ನನ್ನ ಮುಖದ ಮೇಲೆಯೇ ಬಿತ್ತು. ಹಳೆಯ ಕ್ಯಾಲೆಂಡರಿನ ಹಾಳೆ. ಜಿರಳೆ ಬಾರದಿರಲಿ ಎಂದು ಪಾತ್ರೆಯ ತಳಕ್ಕೆ ಹಾಸಿದ್ದೆನೆಂದು ಕಾಣುತ್ತದೆ. ದಿನಕ್ಕೊಂದು ಕೆಂಪು ಗೀಟು, ಕೊನೆಗೆ ಒಂದು ಭಾನುವಾರಕ್ಕೆ ದೊಡ್ಡ ಸುತ್ತು. ನನ್ನದೇ ಕೈಯ ಗೀಟು, ನನ್ನದೇ ಸುತ್ತು. ಸ್ಟೂಲಿನಿಂದ ಇಳಿದವಳು ನೆಲದಲ್ಲಿಯೇ ಕುಳಿತೆ.

ಮೊದಲು ಕುಂಞಿ ಪಿಂಡಿ ಎಂದರೆ ಎಂತ ಎಂದು ಹೇಳಿಬಿಡುತ್ತೇನೆ. ತುಳುವರ ಪುಂಡಿ ನಮ್ಮ ಬಾಯಲ್ಲಿ ಪಿಂಡಿ. ಕುಂಞಿ ಎಂದರೆ ಚಿಕ್ಕದು. ಕುಚ್ಚಲಕ್ಕಿ ನೆನೆಹಾಕಿ, ತೆಂಗಿನತುರಿ, ನೀರುಳ್ಳಿ, ಸ್ವಲ್ಪ ಜೀರಿಗೆ ಹಾಕಿ ಗಟ್ಟಿಗೆ ರುಬ್ಬಬೇಕು. ನೀರು ಹೆಚ್ಚಾದರೆ ದೇವರೇ ಗತಿ. ಆ ಹಿಟ್ಟನ್ನು ಕಡಲೆಯಷ್ಟು, ಹೆಚ್ಚೆಂದರೆ ಸಣ್ಣ ಅಡಿಕೆಯಷ್ಟು ಉಂಡೆ ಮಾಡಿ, ಹೆಬ್ಬೆರಳಿನಿಂದ ನಡುವೆ ಒಂದು ಗುಳಿ ಒತ್ತಿ, ಬಾಳೆಯೆಲೆಯ ಮೇಲೆ ಹರಡಿ ಉಗಿಯಲ್ಲಿ ಬೇಯಿಸುವುದು. ಆಮೇಲೆ ಕೋಳಿಸಾರು. ಸಾರು ನೀರಾಗಿ ಇರಬೇಕು, ಯಾಕೆಂದರೆ ಪಿಂಡಿ ಅದನ್ನು ಕುಡಿಯುತ್ತದೆ. ಬೆಂದ ಪಿಂಡಿಯನ್ನು ಕುದಿಯುವ ಸಾರಿಗೆ ಹಾಕಿ, ಕೊನೆಗೆ ತೆಂಗಿನಹಾಲು ಹೊಯ್ದು ಮುಚ್ಚಿಡಬೇಕು. ಅರ್ಧ ಗಂಟೆ ಬಿಟ್ಟು ತೆಗೆದರೆ ಪ್ರತಿಯೊಂದು ಗುಳಿಯಲ್ಲಿಯೂ ಒಂದು ತೊಟ್ಟು ಸಾರು ನಿಂತಿರುತ್ತದೆ. ಕೋಳಿ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲರ ಬಾಯಿಗೂ ಕೋಳಿಯ ರುಚಿ ಬರುತ್ತದೆ. ಬಡವರ ಮನೆಯ ಮರ್ಯಾದೆ ಉಳಿಸುವ ಅಡುಗೆ ಅದು.

ನಮ್ಮ ಉಮ್ಮ ಅದನ್ನು ಎಷ್ಟು ಸಲ ಉಳಿಸಿಕೊಂಡಿದ್ದಾರೋ. ಬಾಪನಿಗೆ ಒಣಮೀನಿನ ವ್ಯಾಪಾರ. ಸೈಕಲ್ಲಿನಲ್ಲಿ ಊರೂರು ಹೋಗುವವರು, ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಊಟಕ್ಕೆ ಕರೆಯುವವರು. ಕಲ್ಲುಗುಂಡಿಯಿಂದ ಯಾರಾದರೂ ನೆಂಟರು ಬಸ್ಸಿಳಿದು ಬರುವುದು ದೂರದಿಂದ ಕಂಡರೆ ಸಾಕು, ಉಮ್ಮ ಅಕ್ಕಿ ನೆನೆಹಾಕುತ್ತಿದ್ದರು. ಉಂಡೆ ಮಾಡುವ ಕೆಲಸ ಮಕ್ಕಳದ್ದು. ನಾವು ಜಗಳ ಮಾಡಬಾರದೆಂದು ಉಮ್ಮ ಒಂದು ಉಪಾಯ ಮಾಡಿದ್ದರು. ಒಂದು ಪಿಂಡಿಗೆ ಒಂದು ಸ್ವಲಾತ್. ಬಾಯಿ ಪ್ರವಾದಿಯವರಿಗೆ ಶಾಂತಿ ಕೋರುವ ಆ ಪ್ರಾರ್ಥನೆ ಹೇಳುತ್ತಿದ್ದರೆ ಜಗಳಕ್ಕೆ ಬಿಡುವೆಲ್ಲಿ? ನೂರು ಆದಾಗ ಒಂದು ಹುಣಸೆಬೀಜ ಬದಿಗಿಡುವುದು. ನಾನು ಎಣಿಕೆ ಕಲಿತದ್ದು ಶಾಲೆಯಲ್ಲಲ್ಲ, ಆ ಹಿಟ್ಟಿನ ಪಾತ್ರೆಯ ಮುಂದೆ. ಮೈಮೂನ ಕಲಿತದ್ದೂ ಅಲ್ಲಿಯೇ. ನೆನಪಿಟ್ಟುಕೊಳ್ಳಿ, ಈ ಎಣಿಕೆಯ ವಿಷಯ ಮುಂದೆ ಬರುತ್ತದೆ.

ಅವಳಿಗೆ ಮಾತ್ರ ತಾಳ್ಮೆ ಇರಲಿಲ್ಲ. ಬೇಗ ಮುಗಿಯಲಿ ಎಂದು ದೊಡ್ಡ ದೊಡ್ಡ ಉಂಡೆ ಮಾಡುವಳು. ಉಮ್ಮ ತಟ್ಟೆ ನೋಡಿಯೇ ಹೇಳುತ್ತಿದ್ದರು, "ಕಡಲೆ ನಫೀಸಳದ್ದು, ನೆಲ್ಲಿಕಾಯಿ ಮೈಮೂನಳದ್ದು." ನಾನು ದೊಡ್ಡವಳೆಂಬ ಜಂಬದಲ್ಲಿ ಅವಳ ನೆಲ್ಲಿಕಾಯಿಗಳನ್ನು ಒಡೆದು ಪುನಃ ಕಡಲೆ ಮಾಡುತ್ತಿದ್ದೆ. ಅವಳು ಅಳುವಳು. ನಾನು ಅತ್ತ ತಿರುಗಿ ಸ್ವಲಾತ್ ಹೇಳುತ್ತಿದ್ದೆ. ಆಗ ನಾನು ಮಾಡಿದ ಪುಣ್ಯ ಎಷ್ಟು, ಪಾಪ ಎಷ್ಟು ಎಂದು ಅಲ್ಲಾಹನಿಗೇ ಗೊತ್ತು.

ಮೈಮೂನಳ ಗಂಡ ಹಮೀದ್. ಕಡಬದಲ್ಲಿ ಹಳ್ಳಿಗಳಿಗೆ ಹೋಗುವ ಸರ್ವಿಸ್ ಜೀಪು ಓಡಿಸುತ್ತಿದ್ದ. ವಾರವಿಡೀ ಅಲ್ಲಿ, ಗುರುವಾರ ಸಂಜೆ ಇಲ್ಲಿ. ಜೀಪು ರಸ್ತೆಯ ತಿರುವಿನಲ್ಲಿ ಗೇರು ಬದಲಿಸುವ ಶಬ್ದ ಕೇಳಿದರೆ ಮೈಮೂನ ಸೀರೆಯ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಮದುವೆಯಾಗಿ ಇಪ್ಪತ್ತಮೂರು ವರ್ಷವಾದ ಮೇಲೂ. ನಾನು ಕಿಟಕಿಯಿಂದ ನೋಡಿ ನಗಾಡುತ್ತಿದ್ದೆ.

ಹಮೀದ್‌ಗೆ ಒಂದೇ ಒಂದು ತಮಾಷೆ ಗೊತ್ತಿದ್ದದ್ದು. ಕುಂಞಿ ಪಿಂಡಿಯ ತಟ್ಟೆ ಮುಂದಿಟ್ಟ ಕೂಡಲೇ ಸೌಟಿನಲ್ಲಿ ಆಚೆ ಈಚೆ ಹುಡುಕುವುದು. "ಕೋಳಿ ಎಲ್ಲಿ ಮಾರಾಯ್ತಿ? ಈ ಸಾರಿನಲ್ಲಿ ಅದು ಬರೀ ಈಜಿಕೊಂಡು ಹೋದದ್ದಾ?" ಪ್ರತಿ ಸಲ ಇದೇ ಮಾತು. ಪ್ರತಿ ಸಲ ಮೈಮೂನ, "ಹೌದು, ಕಡಬಕ್ಕೆ ಹೋಗಿದೆ. ನಿಮ್ಮ ಜೀಪಿನಲ್ಲೇ ಹತ್ತಿದ್ದು, ಟಿಕೇಟು ತೆಗೆದುಕೊಂಡಿಲ್ವಾ?" ಎನ್ನುವಳು. ಕೇಳಿ ಕೇಳಿ ನಮಗೆ ಬೇಸರ ಬಂದಿತ್ತು. "ಬೇರೆ ಎಂತಾದ್ರೂ ಹೇಳಿ ಮಾರಾಯ್ರೆ" ಎಂದು ನಾನೇ ಒಮ್ಮೆ ಗದರಿಸಿದ್ದೆ.

ಒಂದು ಸೋಮವಾರ ಮಧ್ಯಾಹ್ನ ಕಡಬದ ಸ್ಟ್ಯಾಂಡಿನಲ್ಲಿ, ಜನ ತುಂಬುವುದನ್ನು ಕಾಯುತ್ತಾ ಸ್ಟೇರಿಂಗಿಗೆ ತಲೆಯಿಟ್ಟವನು ಎದ್ದಿಲ್ಲ. ಹಿಂದಿನ ಸೀಟಿನವರು ನಿದ್ದೆ ಎಂದುಕೊಂಡರಂತೆ. ಅಷ್ಟೇ. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಗಂಡ ತೀರಿಕೊಂಡ ಹೆಂಗಸು ನಮ್ಮಲ್ಲಿ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕು. ಮನೆ ಬಿಟ್ಟು ಹೊರಗೆ ಹೋಗಬಾರದು, ಬಣ್ಣದ ಬಟ್ಟೆ ಇಲ್ಲ, ಅತ್ತರು ಇಲ್ಲ, ಕಣ್ಣಿಗೆ ಸುರುಮ ಇಲ್ಲ. ಹೆಂಗಸರು ಬಂದು ಮಾತನಾಡಿಸಬಹುದು. ಮೈಮೂನ ಬಿಳಿ ಸೀರೆ ಉಟ್ಟು ರಸ್ತೆಬದಿಯ ಕೋಣೆಯಲ್ಲಿ ಕುಳಿತಳು. ಕುಳಿತಳು ಎಂದರೆ ಕುಳಿತೇಬಿಟ್ಟಳು. ಅಡುಗೆಮನೆಗೆ ಕೂಡ ಬರಲಿಲ್ಲ. ಎರಡು ಹೊತ್ತೂ ನಾನು ಊಟ ಒಯ್ಯುತ್ತಿದ್ದೆ. ಗಂಜಿ ಒಯ್ದರೆ ನಾಲ್ಕು ಚಮಚ, ಮೀನು ಒಯ್ದರೆ ಮುಳ್ಳು ಬಿಡಿಸಿ ಬಿಟ್ಟಿರುತ್ತಿದ್ದಳು. ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂದು ನೋಡುವುದೇ ನನ್ನ ಕೆಲಸವಾಯಿತು. ಮೂರನೆಯ ತಿಂಗಳಿಗೆ ಕೈಬಳೆ ಮೊಣಕೈಯವರೆಗೆ ಜಾರುತ್ತಿತ್ತು. ತಿನ್ನದಿದ್ದರೂ ತಿಂದೆ ಎಂದು ಸುಳ್ಳು ಹೇಳಲೂ ಅವಳಿಗೆ ಮನಸ್ಸಿರಲಿಲ್ಲ.

ಅದೇ ತಿಂಗಳು ಜೀಪು ಮಾರಬೇಕಾಯಿತು. ಕೊಂಡವರು ಅಂಗಳದಿಂದಲೇ ಒಯ್ದರು. ತಿರುವಿನಲ್ಲಿ ಗೇರು ಬದಲಿಸಿದ ಶಬ್ದ ಕೇಳಿತು. ನಾನು ಓಡಿ ಹೋಗಿ ನೋಡಿದರೆ ಮೈಮೂನ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಅತ್ತದ್ದಲ್ಲ. ಅಭ್ಯಾಸ. ಕೈ ತಾನಾಗಿ ಹೋದದ್ದು. ಅದು ಗೊತ್ತಾದ ಮೇಲೆ ಅತ್ತದ್ದು.

ಆ ದಿನ ನಾನು ಸಂಜೆಯ ಅಸರ್ ನಮಾಜಿನ ಮುಸಲ್ಲ ಚಾಪೆಯ ಮೇಲೆ ಕುಳಿತು ನಿಶ್ಚಯ ಮಾಡಿದೆ. ಇದ್ದತ್ ಮುಗಿಯುವ ದಿನ ಹತ್ತಿರದವರನ್ನೆಲ್ಲ ಕರೆಯಬೇಕು. ದುಆ ಪ್ರಾರ್ಥನೆ ಮಾಡಿಸಬೇಕು. ಎಲ್ಲರ ನಡುವೆ ಅವಳನ್ನು ಕೂರಿಸಿ, ಒಂದು ಹೊತ್ತಾದರೂ ಹೊಟ್ಟೆತುಂಬ ತಿನ್ನಿಸಬೇಕು. ಅದನ್ನು ಪಾರ್ಟಿ ಎಂದು ಕರೆಯಲಿಕ್ಕೆ ಆಗುವುದಿಲ್ಲ, ಬೇರೆ ಹೆಸರೂ ನನಗೆ ಗೊತ್ತಿಲ್ಲ. ಕೈ ಬಿಗಿಯಿದ್ದ ಕಾಲ. ರಿಜ್ವಾನ ಆಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. "ಸುಳ್ಯದಿಂದ ಬಿರಿಯಾನಿ ತರಿಸುವ ಮೂತಮ್ಮ, ಎಲ್ಲರೂ ಹಾಗೆಯೇ ಮಾಡುದು" ಎಂದಳು.

"ಬಿರಿಯಾನಿ ಡಬ್ಬಿಯಲ್ಲಿ ಬರ್ತದೆ. ಅದನ್ನು ತಿನ್ನುದು ಬಿಟ್ಟು ನಿನ್ನ ಉಮ್ಮನಿಗೆ ಬೇರೆ ಕೆಲಸ ಉಂಟಾ? ತಿನ್ನುದನ್ನೇ ಬಿಟ್ಟಿದ್ದಾಳಲ್ಲ" ಎಂದೆ. "ಕುಂಞಿ ಪಿಂಡಿ ಮಾಡುವ. ಉಂಡೆ ಮಾಡ್ಲಿಕ್ಕಾದ್ರೂ ಕೈ ಬೇಕಾಗ್ತದೆ."

ಇದು ನನ್ನ ಉಪಾಯ. ಕೈಗೆ ಹಿಟ್ಟು ಹತ್ತಿದರೆ ಬಾಯಿಗೂ ಸ್ವಲ್ಪ ಹೋಗುತ್ತದೆ ಎಂದು.

ಈಗ ಆ ಕ್ಯಾಲೆಂಡರಿನ ವಿಷಯ. ಬಟ್ಟೆ ಅಂಗಡಿಯವರು ಕೊಟ್ಟ ಕ್ಯಾಲೆಂಡರು, ಅಡುಗೆಮನೆಯ ಬಾಗಿಲ ಹಿಂದೆ ನೇತಾಡುತ್ತಿರುತ್ತದೆ. ಗ್ಯಾಸು ಯಾವತ್ತು ಹಾಕಿದ್ದು, ಹಾಲಿನವರು ಎಷ್ಟು ದಿನ ಬರಲಿಲ್ಲ, ಕೋಳಿ ಯಾವತ್ತು ಕಾವಿಗೆ ಕೂತಿತು, ಎಲ್ಲ ಅದರಲ್ಲಿ. ಹಮೀದ್ ಹೋದ ವಾರ, ಗ್ಯಾಸಿನ ದಿನ ಗುರುತು ಮಾಡುವ ಅದೇ ಕೆಂಪು ಪೆನ್ನಿನಲ್ಲಿ ಅವನು ತೀರಿದ ದಿನಕ್ಕೆ ಒಂದು ಗೀಟು ಹಾಕಿದೆ. ನಾಲ್ಕು ಹಾಳೆ ಮಗುಚಿ, ಅದೇ ತಾರೀಕಿನಿಂದ ಹತ್ತು ಮನೆ ಮುಂದೆ ಎಣಿಸಿ, ಭಾನುವಾರಕ್ಕೆ ಸುತ್ತು ಹಾಕಿದೆ. ಭಾನುವಾರವೇ ಬಂತಲ್ಲ, ಎಲ್ಲರಿಗೂ ರಜೆ, ಅಲ್ಲಾಹನ ದಯೆ ಎಂದು ಖುಷಿಪಟ್ಟೆ. ಆಮೇಲೆ ದಿನಕ್ಕೊಂದು ಗೀಟು. ಯಾರಾದರೂ ಕೇಳಿದರೆ ಬಾಗಿಲ ಹಿಂದೆ ನೋಡಿ, "ಇನ್ನು ನಲ್ವತ್ತೆರಡು" ಎಂದು ಗತ್ತಿನಲ್ಲಿ ಹೇಳುತ್ತಿದ್ದೆ. ಅದೇ ಮನೆಗಳ ಮೂಲೆಯಲ್ಲಿ ಹಸಿರು ಬಣ್ಣದಲ್ಲಿ ಸಾಸಿವೆಯಷ್ಟು ಸಣ್ಣ ಅಂಕೆಗಳಿದ್ದವು. ಕನ್ನಡಕ ಹಾಕದೆ ಅವು ನನಗೆ ಕಾಣುವುದಿಲ್ಲ. ಅಡುಗೆಮನೆಯ ಉಗಿಯಲ್ಲಿ ನಾನು ಕನ್ನಡಕ ಹಾಕುವುದಿಲ್ಲ.

ಭಾನುವಾರ ಸುಬ್‌ಹಿ ನಮಾಜು ಮುಗಿಸಿ ಅಕ್ಕಿ ರುಬ್ಬಿದೆ. ಬೆಳಿಗ್ಗೆಯೇ ಪಕ್ಕದ ಕಮಲಕ್ಕ ಬಾಳೆಯೆಲೆಯ ಕಟ್ಟು, ಹತ್ತು ಮುಳ್ಳುಸೌತೆ ಹೊತ್ತು ಬಂದರು. ಅವರು ಗೌಡರು. ಮನೆಯಲ್ಲಿ ಅರೆಭಾಷೆ, ನಮ್ಮೊಡನೆ ಕನ್ನಡ. ಅವರ ಗಂಡ ಹೋಗಿ ಎಂಟು ವರ್ಷ. ನಾಲ್ಕು ತಿಂಗಳೂ ವಾರಕ್ಕೊಮ್ಮೆ ಬಂದು ಮೈಮೂನಳ ಹತ್ತಿರ ಕುಳಿತು, ಹೆಚ್ಚು ಮಾತನಾಡದೆ, ವೀಳ್ಯ ಜಗಿದು ಹೋಗುತ್ತಿದ್ದರು. ಸಮಾಧಾನ ಹೇಳಲು ಬಂದವರಲ್ಲಿ ಮಾತು ಕಡಿಮೆ ಆಡಿದವರು ಅವರೊಬ್ಬರೇ. ಇದನ್ನೂ ನಾನು ದೇವರ ಉಪಕಾರಗಳಲ್ಲಿ ಸೇರಿಸಿದ್ದೇನೆ.

ಹಿಟ್ಟಿನ ಪಾತ್ರೆಯನ್ನು ಮೈಮೂನಳ ಕೋಣೆಗೇ ಒಯ್ದೆವು. ನಾನು, ರಿಜ್ವಾನ, ಕಮಲಕ್ಕ ಸುತ್ತ ಕುಳಿತೆವು. ಮೈಮೂನ ಮಂಚದ ಮೇಲಿಂದ ನೋಡುತ್ತಿದ್ದಳು.

"ಇದೆಂತ ಕಮಲಕ್ಕ, ಹಸುವಿಗೆ ಕೊಡ್ಲಿಕ್ಕಾ?" ಎಂದಳು ರಿಜ್ವಾನ, ಅವರ ಉಂಡೆ ನೋಡಿ.

"ನಿನ್ನ ಕೆಲಸ ನೀನು ಮಾಡು ಹುಡುಗಿ. ನಮ್ಮಲ್ಲಿ ಉಂಡೆ ಅಂದ್ರೆ ಕೈತುಂಬ ಇರ್ಬೇಕು. ನೀವು ಮಾಡುದು ಎಂತ, ಮೊಲಕ್ಕೆ ಮಾತ್ರೆಯಾ?"

ಮೈಮೂನಳ ತುಟಿಯ ಮೂಲೆ ಸ್ವಲ್ಪ ಅಲುಗಿದಂತೆ ಕಂಡಿತು. ನಾನು ಧೈರ್ಯ ಮಾಡಿ ಒಂದು ಮುಷ್ಟಿ ಹಿಟ್ಟು ತಟ್ಟೆಯಲ್ಲಿಟ್ಟು ಅವಳ ಮಡಿಲಿಗೆ ಕೊಟ್ಟೆ. ತುಂಬಾ ಹೊತ್ತು ಸುಮ್ಮನೆ ಹಿಡಿದುಕೊಂಡಿದ್ದಳು. ಆಮೇಲೆ ಬೆರಳುಗಳು ತಾವಾಗಿ ಹೊರಳಲು ಸುರುವಾದವು. ತುಟಿಯೂ ಅಲುಗುತ್ತಿತ್ತು, ಸ್ವಲಾತ್. ನಾನು ಅವಳನ್ನು ನೋಡದ ಹಾಗೆ ನೋಡಿದೆ. ಕಡಲೆಗಿಂತ ಸಣ್ಣ ಉಂಡೆ ಮಾಡುತ್ತಿದ್ದಳು. ನೆಲ್ಲಿಕಾಯಿ ಮಾಡುತ್ತಿದ್ದ ಹುಡುಗಿ ಒಂದೊಂದನ್ನೂ ಅಷ್ಟು ಹೊತ್ತು ಉರುಟಿ ಉರುಟಿ, ಮುಗಿಯುವುದೇ ಬೇಡ ಎನ್ನುವ ಹಾಗೆ. ನನಗೆ ಆಗ ಅರ್ಥವಾಗಲಿಲ್ಲ.

ಮಧ್ಯಾಹ್ನದ ಲುಹರ್ ನಮಾಜಿನ ಹೊತ್ತಿಗೆ ಜನ ಬಂದರು. ಗಂಡಸರು ಜಗಲಿಯಲ್ಲಿ, ಹೆಂಗಸರು ಒಳಗೆ. ಪುತ್ತೂರಿನಿಂದ ಹಮೀದ್‌ನ ಅಕ್ಕ ಕದೀಜಮ್ಮ ಬಂದರು. ಅವರು ಬಂದರೆ ಗಾಳಿ ಕೂಡ ಸೆರಗು ಸರಿಮಾಡಿಕೊಳ್ಳುತ್ತದೆ. ನೇರ ತಮ್ಮನ ಹೆಂಡತಿಯ ಕೋಣೆಗೆ ಹೋದರು. ಹೋದವರು ಅಷ್ಟೇ ಬೇಗ ಬಾಗಿಲಿಗೆ ಬಂದು ನಿಂತರು.

"ಇವಳು ಇನ್ನೂ ಎಂತಕ್ಕೆ ಬಿಳಿಯಲ್ಲಿ ಕೂತದ್ದು?"

"ಇವತ್ತಿಗಲ್ಲವಾ ಮುಗಿಯುದು" ಎಂದೆ ನಾನು, ಕೈಯಲ್ಲಿ ಸೌಟು.

"ಇವತ್ತಿಗಾ? ಬುಧವಾರಕ್ಕೇ ಮುಗಿದಿದೆ. ರಜೆ ನೋಡಿ ಭಾನುವಾರ ಕರೆದದ್ದು ಅಂತ ನಾವು ತಿಳ್ಕೊಂಡದ್ದು. ಎಣಿಸಿದವರು ಯಾರು?"

ದಿನ ತೋರಿಸಲೆಂದು ಬೆಳಿಗ್ಗೆಯೇ ತಂದು ಅಲ್ಲಿನ ಬಾಗಿಲ ಹಿಂದೆ ತೂಗಿಹಾಕಿದ್ದ ನನ್ನ ಕ್ಯಾಲೆಂಡರನ್ನು ನೋಡಿದೆ. ಎಲ್ಲ ಹೆಂಗಸರೂ ಬಾಗಿಲ ಹಿಂದೆ ನೋಡಿದರು. ಕದೀಜಮ್ಮ ಕ್ಯಾಲೆಂಡರಿನ ಹಾಳೆ ಎತ್ತಿ ಮೂಲೆಯ ಹಸಿರು ಅಂಕೆಗಳನ್ನು ನೋಡಿದರು, ಕೆಳಗೆ ಬಿಟ್ಟರು.

"ಇದ್ದತ್ತನ್ನು ಇಂಗ್ಲಿಷ್ ತಿಂಗಳಲ್ಲಿ ಎಣಿಸಿದ್ದಾ ನಫೀಸ? ಚಂದ್ರನ ಲೆಕ್ಕ ಅಂತ ಗೊತ್ತಿಲ್ವಾ? ಊರಿನ ಮಕ್ಕಳಿಗೆ ಅರಬಿಯ ಅಲಿಫ್ ಬಾ ಕಲಿಸಿದವಳಲ್ಲವಾ ನೀನು? ಗಂಡ ಸತ್ತ ಹೆಂಗಸನ್ನು ನಾಲ್ಕು ದಿನ ಹೆಚ್ಚಿಗೆ ಕೂಡಿಹಾಕಿದ್ದೀಯಲ್ಲ ಮಾರಾಯ್ತಿ! ಗ್ಯಾಸ್ ಸಿಲಿಂಡರ್ ಅಂತ ಎಣಿಸಿದ್ಯಾ?"

ಗ್ಯಾಸಿನ ಮಾತು ಅವರು ಸುಮ್ಮನೆ ಹೇಳಿದ್ದು. ಆದರೆ ಹಾಳೆಯಲ್ಲಿ ನನ್ನ ಸುತ್ತಿನ ಕೆಳಗೆ ನಿಜವಾಗಿಯೂ ಗ್ಯಾಸು ಎಂದು ಬರೆದಿತ್ತು. ಯಾರೋ ಒಬ್ಬರು ಕಿಸಕ್ಕೆಂದರು. ಭೂಮಿ ಬಾಯಿಬಿಡಲಿ ಎಂದುಕೊಂಡೆ. ರಂಜಾನ್, ಬಕ್ರೀದ್, ಬರಾಅತ್ ಎಲ್ಲಕ್ಕೂ ಚಂದ್ರನನ್ನು ನೋಡುವವಳು, ನನ್ನ ಸ್ವಂತ ತಂಗಿಯ ದುಃಖವನ್ನು ಬಟ್ಟೆ ಅಂಗಡಿಯ ಕ್ಯಾಲೆಂಡರಿನಲ್ಲಿ ಎಣಿಸಿದ್ದೆ. ಅದು ಪಾಪವೋ ಅಲ್ಲವೋ ಬಲ್ಲವರು ಹೇಳಬೇಕು. ನಾಚಿಕೆಯಂತೂ ಹೌದು.

ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿದೆ. ಮೈಮೂನ ಮಂಚದ ಮೇಲೆ ಹಾಗೆಯೇ ಇದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ತಪ್ಪಾಯ್ತು ಮೈಮೂನ" ಎಂದೆ. "ಚಂದ್ರನ ಲೆಕ್ಕ ನನ್ನ ತಲೆಗೆ ಬರ್ಲೇ ಇಲ್ಲ."

"ನನಗೆ ಗೊತ್ತಿತ್ತು."

"ಎಂತ ಗೊತ್ತಿತ್ತು?"

"ಬುಧವಾರಕ್ಕೆ ಮುಗೀತದೆ ಅಂತ. ಹೊಸ ಚಂದ್ರ ಕಂಡದ್ದನ್ನು ಪ್ರತಿ ತಿಂಗಳು ಮಸೀದಿಯಿಂದ ಹೇಳ್ತಾರಲ್ಲ. ನಾನು ಬೆರಳಿನ ಗೆಣ್ಣಿನಲ್ಲಿ ಎಣಿಸ್ತಾ ಇದ್ದೆ. ನನಗೆ ಬೇರೆ ಎಂತ ಕೆಲಸ ಇತ್ತು ಅಕ್ಕ?"

ನನಗೆ ಸಿಟ್ಟು ಬಂತು, ಅಳುವೂ ಬಂತು. "ಮತ್ತೆ ಹೇಳ್ಲಿಕ್ಕೆ ಎಂತ ದಾಡಿ ನಿನಗೆ? ಅಷ್ಟು ಜನರ ಎದುರು ಮಂಗ ಆದೆನಲ್ಲ ನಾನು!"

"ಹೇಳಿದ್ರೆ ಹೊರಗೆ ಬರ್ಬೇಕಿತ್ತು."

ಹೊರಗೆ ತಟ್ಟೆಗಳ ಶಬ್ದ ಕೇಳುತ್ತಿತ್ತು. ಅವಳು ಬಿಳಿ ಸೆರಗಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾ, ಗುಳಿ ಮಾಡುತ್ತಾ, ನಿಧಾನ ಹೇಳಿದಳು.

"ಇಲ್ಲಿ ಕೂತಷ್ಟು ದಿನ ನಾನು ಅವರ ಹೆಂಡತಿ ಅಕ್ಕ. ಅವರಿಗಾಗಿ ಕೂತವಳು. ಹೊರಗೆ ಬಂದ್ರೆ ಆಯ್ತು, ಮುಗೀತು. ಆಮೇಲೆ ಎಲ್ಲರೂ ಹಮೀದ್ ಇದ್ದಾಗ, ಹಮೀದ್ ಇದ್ದಾಗ ಅಂತ ಹೇಳ್ಲಿಕ್ಕೆ ಸುರು ಮಾಡ್ತಾರೆ. ನೀನು ಭಾನುವಾರ ಅಂತ ಹೇಳಿದಾಗ ನಾಲ್ಕು ದಿನ ಹೆಚ್ಚು ಸಿಕ್ಕಿತಲ್ಲ ಅಂತ ಸುಮ್ಮನಾದೆ. ನಾನಾಗಿ ತಗೊಂಡದ್ದಲ್ಲ, ನೀನು ಕೊಟ್ಟದ್ದು. ನನಗೆ ಪಾಪ ಬರ್ಲಿಕ್ಕಿಲ್ಲ ಅಲ್ವಾ?"

ಪಾಪವೋ ಅಲ್ಲವೋ ಎಂದು ಹೇಳಲು ಮಕ್ಕಳಿಗೆ ಅಲಿಫ್ ಬಾ ಕಲಿಸಿದವಳಿಗೆ ಅಷ್ಟು ವಿದ್ಯೆ ಇಲ್ಲ. ಅವಳ ಪಕ್ಕದಲ್ಲಿ ಕುಳಿತೆ. ಬೆಳಿಗ್ಗೆ ಉಂಡೆಗಳನ್ನು ಯಾಕೆ ಅಷ್ಟು ಸಣ್ಣ, ಅಷ್ಟು ನಿಧಾನ ಮಾಡಿದಳು ಎಂದು ಆಗ ಗೊತ್ತಾಯಿತು.

ಸ್ವಲ್ಪ ಹೊತ್ತಿನಲ್ಲಿ ಬಾಗಿಲು ತಟ್ಟಿದ ಶಬ್ದ. ಕದೀಜಮ್ಮ. ಕೈಯಲ್ಲಿ ದೊಡ್ಡ ಬಸಿ. ನಮ್ಮಲ್ಲಿ ಮೂರು ನಾಲ್ಕು ಜನ ಸುತ್ತ ಕುಳಿತು ಒಂದೇ ಬಸಿಯಿಂದ ಉಣ್ಣುವುದು ಹಳೆಯ ಕ್ರಮ, ಈಗ ಮದುವೆ ಮನೆಗಳಲ್ಲಿ ಕೂಡ ಕಡಿಮೆಯಾಗಿದೆ. ಹಿಂದಿನಿಂದ ಕಮಲಕ್ಕ ನೀರಿನ ಚೆಂಬು ಹಿಡಿದು ಬಂದರು.

"ಹೊರಗೆ ಬರ್ಲಿಕ್ಕೆ ಆಗದಿದ್ರೆ ಬೇಡ" ಎಂದರು ಕದೀಜಮ್ಮ. ಗಡಸು ಧ್ವನಿಯೇ, ಆದರೆ ಅವರ ಕಣ್ಣು ಕೆಂಪಾಗಿತ್ತು. ಬಾಗಿಲ ಆಚೆ ನಿಂತು ಎಷ್ಟು ಕೇಳಿಸಿಕೊಂಡಿದ್ದರೋ ಏನೋ. "ನನ್ನ ತಮ್ಮನ ಮನೆಯಲ್ಲಿ ನಾನು ಒಬ್ಬಳೇ ಉಣ್ಣುದಾ? ಸರಿ, ನಫೀಸ. ಸಿಲಿಂಡರ್ ಬದಿಗಿಟ್ಟು ಕೂತ್ಕೊ."

ಚಾಪೆ ಹಾಸಿ ಮೂವರು ಬಸಿಯ ಸುತ್ತ ಕುಳಿತೆವು. ಕಮಲಕ್ಕ ತಮ್ಮ ಪಾಲನ್ನು ಬಾಳೆಯೆಲೆಗೆ ಹಾಕಿಸಿಕೊಂಡು ಹೊಸ್ತಿಲಲ್ಲಿ ಕುಳಿತರು. ನಾನು ಬಿಸ್ಮಿಲ್ಲಾಹ್ ಎಂದೆ. ಕದೀಜಮ್ಮನೂ ಎಂದರು. ಮೈಮೂನಳ ಕೈ ಮಡಿಲಿನಲ್ಲಿಯೇ ಇತ್ತು.

ಬಸಿಯಲ್ಲಿ ಎಲ್ಲರ ಪಿಂಡಿಗಳೂ ಇದ್ದವು. ಕಮಲಕ್ಕನ ದೊಡ್ಡವು, ರಿಜ್ವಾನಳ ಸೊಟ್ಟಗಿನವು, ನನ್ನ ಕಡಲೆಗಳು, ಮೈಮೂನಳ ಸಾಸಿವೆಗಳು. ಸಾರು ಕುಡಿದು ಉಬ್ಬಿದ್ದವು. ಯಾರೂ ಮಾತನಾಡಲಿಲ್ಲ. ಆ ಮೌನ ಯಾವ ಮಾತಿನ ಜಾಗ ಎಂದು ನಮಗೆಲ್ಲರಿಗೂ ಗೊತ್ತಿತ್ತು. ಕುಂಞಿ ಪಿಂಡಿಯ ತಟ್ಟೆ ಇಟ್ಟ ಕೂಡಲೇ ಬರುತ್ತಿದ್ದ ಮಾತು. ನಾನು ತಲೆಯೆತ್ತಲಿಲ್ಲ. ಬಿಸಿಯಾಗಿದ್ದ ಪಿಂಡಿಯನ್ನು ಊದುವವಳ ಹಾಗೆ ಊದುತ್ತಿದ್ದೆ.

ಆಗ ಮೈಮೂನ ಕೈ ಮುಂದೆ ಮಾಡಿ, ಬಸಿಯಲ್ಲಿ ಆಚೆ ಈಚೆ ಬೆರಳಾಡಿಸಿದಳು.

"ಕೋಳಿ ಎಲ್ಲಿ ಮಾರಾಯ್ತಿ?" ಎಂದಳು. ದನಿ ಬಾವಿಯೊಳಗಿಂದ ಬಂದಂತಿತ್ತು. "ಈ ಸಾರಿನಲ್ಲಿ ಅದು ಬರೀ ಈಜಿಕೊಂಡು ಹೋದದ್ದಾ?"

ಅವಳು ಹೇಳುತ್ತಿದ್ದ ಉತ್ತರವನ್ನು ಹೇಳಲು ನಾನು ಬಾಯಿ ತೆರೆದೆ. ಕಡಬ ಎಂಬ ಶಬ್ದ ಹೊರಗೆ ಬರಲಿಲ್ಲ. ಕದೀಜಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಆಚೆ ತಿರುಗಿದರು. ಮೈಮೂನ ಒಂದು ಪಿಂಡಿ ಬಾಯಿಗಿಟ್ಟಳು. ಅಗಿದಳು. ಮತ್ತೊಂದು. ನಾನು ಎಣಿಸಬಾರದು ಎಂದುಕೊಂಡರೂ ಎಣಿಸಿದೆ. ಹನ್ನೊಂದು. ಸಣ್ಣವೇ. ಹೊಟ್ಟೆ ತುಂಬುವಷ್ಟಲ್ಲ. ಆದರೂ ನಾಲ್ಕು ತಿಂಗಳಲ್ಲಿ ಮೊದಲ ಸಲ, ಇನ್ನೊಬ್ಬರ ಕೈ ಇದ್ದ ಬಸಿಗೆ ಅವಳು ಕೈಹಾಕಿದ್ದು. ಅಲ್ಲಾಹನು ಮಾಡಿದ ದೊಡ್ಡ ಉಪಕಾರಗಳನ್ನು ಎಲ್ಲರೂ ಹೇಳುತ್ತಾರೆ. ನಾನು ಹನ್ನೊಂದು ಪಿಂಡಿಗಳನ್ನು ಹೇಳುತ್ತೇನೆ.

ಸಂಜೆ ಎಲ್ಲರೂ ಹೋದ ಮೇಲೆ ಅವಳು ಮಿಂದು ನೀಲಿ ಸೀರೆ ಉಟ್ಟು ಬಾವಿಕಟ್ಟೆಗೆ ಬಂದಳು. ಒಂದು ಕೊಡ ನೀರು ಸೇದಿದಳು. ಅಷ್ಟೇ. ಇದ್ದತ್ ಮುಗಿದದ್ದು ಹಾಗೆ. ಮರುದಿನದಿಂದ, ಅವಳು ಹೆದರಿದ ಹಾಗೆಯೇ, ನಾವೆಲ್ಲರೂ ಹಮೀದ್ ಇದ್ದಾಗ ಎಂದು ಹೇಳಲು ಸುರು ಮಾಡಿದೆವು. ನಾನೂ ಹೇಳಿದೆ. ಬೇರೆ ಹೇಗೆ ಹೇಳುವುದು?

ಇಷ್ಟೂ ನೆನಪಾದದ್ದು ಅಡುಗೆಮನೆಯ ನೆಲದಲ್ಲಿ, ಉಗಿಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು. ಅಷ್ಟರಲ್ಲಿ ಮೈಮೂನಳೇ ಹಿಂಬಾಗಿಲಿನಿಂದ ಬಂದಳು. ಈಗಲೂ ತೆಳ್ಳಗೇ ಇದ್ದಾಳೆ. ಎಲ್ಲರ ಊಟ ಆದ ಮೇಲೆ ಉಳಿದದ್ದನ್ನು ಉಣ್ಣುತ್ತಾಳೆ. ಹೇಳಿ ಹೇಳಿ ನನಗೆ ಸಾಕಾಗಿದೆ.

"ಕುಂಞಿ ಪಿಂಡಿ ಮಾಡುವ ಅಂತ ಹೇಳಿದ್ಯಂತೆ" ಎಂದಳು.

"ಬಾಯಿತಪ್ಪಿ ಬಂತು. ಬೇಡ. ನೈಚೋರು ಮಾಡುವ, ತುಪ್ಪ ಸ್ವಲ್ಪ ಕಡಿಮೆ ಹಾಕಿದ್ರಾಯ್ತು."

"ಯಾಕೆ ಬೇಡ? ಇಪ್ಪತ್ತೈದು ಜನ, ಒಂದೂವರೆ ಕಿಲೋ ಕೋಳಿ. ಬೇರೆ ಯಾವುದು ಆಗ್ತದೆ?" ಪಾತ್ರೆಯನ್ನು ನನ್ನ ಮಡಿಲಿನಿಂದ ಎತ್ತಿ ಬೆಳಕಿಗೆ ಹಿಡಿದು ತೂತು ನೋಡಿದಳು. "ಅಕ್ಕಿ ನಾನು ರುಬ್ತೇನೆ. ನೀನು ನೀರು ಹೆಚ್ಚು ಮಾಡ್ತಿ. ಮತ್ತೆ ರಿಜ್ವಾನಳ ನಲ್ವತ್ತು ನೀನು ಎಣಿಸ್ಲಿಕ್ಕೆ ಹೋಗ್ಬೇಡ. ನೀನು ಎಣಿಸಿದ್ರೆ ಮಗು ಶಾಲೆಗೆ ಹೋಗುವವರೆಗೆ ಅವಳು ಮಂಚದಲ್ಲೇ ಇರ್ಬೇಕಾಗ್ತದೆ."

ನಗಬೇಕೋ ಬೇಡವೋ ತಿಳಿಯದೆ ನಾನು ಏಳಲು ಹೊರಟೆ. ಆಗ ಹಾಳೆ ಅವಳ ಕಣ್ಣಿಗೆ ಬಿತ್ತು.

ಬಗ್ಗಿ ತೆಗೆದುಕೊಂಡಳು. ಬಿಡಿಸಿದಳು. ಎಣ್ಣೆಯ ಕಲೆ ಹಿಡಿದು ಅರ್ಧ ಪಾರದರ್ಶಕವಾಗಿತ್ತು. ಕೆಂಪು ಗೀಟುಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಬಂದು ಬುಧವಾರದಲ್ಲಿ ನಿಲ್ಲಿಸಿದಳು. ಆಮೇಲೆ ಗುರು, ಶುಕ್ರ, ಶನಿ. ಒಂದೊಂದು ಮನೆಯಲ್ಲಿಯೂ ಸ್ವಲ್ಪ ಹೊತ್ತು. ಸುತ್ತು ಹಾಕಿದ ಭಾನುವಾರವನ್ನು ಮುಟ್ಟಲಿಲ್ಲ.

"ಅದನ್ನು ಕೊಡು, ಪಾತ್ರೆ ಒರೆಸಿ ಬಿಸಾಡ್ತೇನೆ" ಎಂದೆ.

"ಇದು ನನ್ನ ಹತ್ರ ಇರ್ಲಿ ಅಕ್ಕ. ಪಾತ್ರೆಗೆ ಬಾಳೆಯೆಲೆ ಸಾಕು."

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಮಲಕ್ಕನ ಬೇಲಿಯ ಕಡೆಗೆ ಎಲೆ ಕೇಳಲು ಹೋದಳು.